ಹಿತ್ತಲ ಗಿಡವೂ ಮದ್ದೇ, ವೈದ್ಯರಿಗೆ ಹೇಳಿ

ಆ ಬಾಟಲಿಯನ್ನು ಮನೆಗೆ ತಂದವನು ನಾನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗನಿಗೆ ಈಗ ಆರು ವರ್ಷ. ಹಾವೇರಿ ಜಿಲ್ಲೆಯ ನಮ್ಮೂರಿನ ಶಾಲೆಯಲ್ಲಿ ಒಂದನೇ ತರಗತಿ. ಐದು ತುಂಬುವ ಹೊತ್ತಿಗೆ ಅವನಿಗೆ ಮೊದಲ ಸಲ ಫಿಟ್ಸ್ ಬಂತು. ಪೇಟೆಯ ವೈದ್ಯರು ಪರೀಕ್ಷೆಗಳನ್ನು ಮಾಡಿಸಿ ಫೆನಿಟಾಯಿನ್ ಎಂಬ ಔಷಧ ಬರೆದುಕೊಟ್ಟರು. ದಿನಕ್ಕೆ ಎರಡು ಸಲ, ಒಂದು ದಿನವೂ ತಪ್ಪಬಾರದು ಎಂದರು. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೊಡುತ್ತಿದ್ದಳು. ಎಂಟು ತಿಂಗಳು ಹುಡುಗ ಆರಾಮಾಗಿದ್ದ.

ಸೆಮಿಸ್ಟರ್ ರಜೆಗೆ ನಾನು ಊರಿಗೆ ಹೋದಾಗ ಅಕ್ಕನದು ಬೇರೆಯದೇ ಚಿಂತೆ. ‘ಹುಡುಗ ಮಂಕಾಗ್ಯಾನ, ಹೇಳಿದ್ದು ನೆನಪಿರಂಗಿಲ್ಲ ಅಂತ ಟೀಚರ್ ಅಂದ್ರು’ ಎಂದಳು. ನನಗೆ ತಕ್ಷಣ ನೆನಪಾಗಿದ್ದು ಪಿಯುಸಿ ಪರೀಕ್ಷೆಗೆ ಮುಂಚೆ ನಾನು ಕುಡಿಯುತ್ತಿದ್ದ ಶಂಖಪುಷ್ಪಿ ಸಿರಪ್. ಮೆಡಿಕಲ್ ಶಾಪಿಗೆ ಹೋದೆ, ಚೀಟಿ ಯಾರೂ ಕೇಳಲಿಲ್ಲ, ದೊಡ್ಡ ಬಾಟಲಿಯನ್ನೇ ತಂದೆ. ‘ಆಯುರ್ವೇದದ್ದು ಅಕ್ಕ, ಸೈಡ್ ಎಫೆಕ್ಟ್ ಇರಂಗಿಲ್ಲ’ ಎಂದು ಭರವಸೆಯನ್ನೂ ಕೊಟ್ಟು ಹಾಸ್ಟೆಲ್‌ಗೆ ಮರಳಿದೆ. ಇಂಜಿನಿಯರಿಂಗ್ ಓದುವ ತಮ್ಮನ ಮಾತಿಗೆ ಮನೆಯಲ್ಲಿ ಎರಡನೇ ಮಾತಿರಲಿಲ್ಲ.

ಕೆಲವೇ ವಾರಗಳಲ್ಲಿ ಫಿಟ್ಸ್ ಮತ್ತೆ ಬಂತು. ಪೇಟೆಯ ವೈದ್ಯರು ‘ಔಷಧ ತಪ್ಪಿಸಿದ್ರಾ?’ ಎಂದು ಕೇಳಿದರು. ‘ಇಲ್ರೀ’ ಎಂದಳು ಅಕ್ಕ. ಅದು ನಿಜವೂ ಆಗಿತ್ತು. ಅವರು ಔಷಧದ ಪ್ರಮಾಣ ಹೆಚ್ಚಿಸಿದರು. ಹದಿನೈದು ದಿನದಲ್ಲಿ ಮತ್ತೊಮ್ಮೆ ಫಿಟ್ಸ್. ಕೊನೆಗೆ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಪರೀಕ್ಷಿಸಿದರು. ಕೊಡುತ್ತಿದ್ದ ಪ್ರಮಾಣಕ್ಕೆ ಇರಬೇಕಾದ್ದಕ್ಕಿಂತ ತುಂಬಾ ಕಡಿಮೆ ಇತ್ತು. ‘ತಾಯಿ ಸರಿಯಾಗಿ ಔಷಧ ಕೊಡ್ತಿಲ್ಲ’ ಎಂದು ಒಬ್ಬರು ನಮ್ಮೆದುರೇ ಅಂದುಬಿಟ್ಟರು. ಅಕ್ಕ ವಾರ್ಡಿನ ಬಾಗಿಲಲ್ಲಿ ನಿಂತು ಅತ್ತಳು.

ಅಂದು ಸಂಜೆ ರೌಂಡ್ಸ್‌ಗೆ ಬಂದ ಯುವ ವೈದ್ಯೆಯೊಬ್ಬರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿದರು: ‘ಮನ್ಯಾಗ ಇನ್ನೇನರ ಕೊಡಾಕತ್ತೀರೇನವ್ವಾ? ಕಷಾಯ, ಪುಡಿ, ಬೇರು, ಏನಾದ್ರೂ ಇರಲಿ. ನಾನು ಬೈಯಂಗಿಲ್ಲ. ಗೊತ್ತಾದ್ರ ನನಗ ಅನುಕೂಲ.’

ಅಕ್ಕ ಅಂದಳು: ‘ಔಷಧ ಏನೂ ಕೊಟ್ಟಿಲ್ರೀ. ನೆನಪಿನ ಶಕ್ತಿಗೆ ಒಂದು ಟಾನಿಕ್ ಅಷ್ಟ ಕೊಡಾಕತ್ತೀನಿ.’

ಬಾಟಲಿಯ ಹೆಸರು ಕೇಳಿದ ಕೂಡಲೇ ವೈದ್ಯೆ ಕೇಸ್ ಶೀಟ್ ತೆಗೆದು ಬರೆದುಕೊಂಡರು.

ಇದಕ್ಕೊಂದು ಹಿಂದಿನ ದಾಖಲೆ ಇದೆ ಎಂದು ನನಗೆ ತಿಳಿದದ್ದು ಆಮೇಲೆ. ಮುಂಬೈನಲ್ಲಿ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಇಬ್ಬರು ರೋಗಿಗಳಿಗೆ ಹತೋಟಿಯಲ್ಲಿದ್ದ ಫಿಟ್ಸ್ ಇದ್ದಕ್ಕಿದ್ದಂತೆ ಮರುಕಳಿಸಿತ್ತು. ಇಬ್ಬರೂ ಶಂಖಪುಷ್ಪಿಯ ಆಯುರ್ವೇದ ಔಷಧವನ್ನೂ ತೆಗೆದುಕೊಳ್ಳುತ್ತಿದ್ದರು. ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ನಡೆಸಿದಾಗ, ಎರಡನ್ನೂ ಒಟ್ಟಿಗೆ ಹಲವು ದಿನ ಕೊಟ್ಟರೆ ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಇಳಿಯುವುದು ಕಂಡುಬಂತು. ಆ ವರದಿ ಪ್ರಕಟವಾದದ್ದು 1992ರಲ್ಲಿ, ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ನಮ್ಮ ಹುಡುಗನ ವಿಷಯದಲ್ಲಿ ಅದೊಂದೇ ಕಾರಣ ಎಂದು ವೈದ್ಯರು ಹೇಳಲಿಲ್ಲ. ಆದರೆ ಸಿರಪ್ ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ರಕ್ತದಲ್ಲಿ ಔಷಧದ ಮಟ್ಟ ಏರಿತ್ತು. ಮಧ್ಯೆ ಹೆಚ್ಚಿಸಿದ್ದ ಪ್ರಮಾಣವನ್ನು ಈಗ ಇಳಿಸಬೇಕಾಯಿತು. ಯಾರಿಗೂ ಹೇಳದೆ ನಾವೇ ಸಿರಪ್ ನಿಲ್ಲಿಸಿಬಿಟ್ಟಿದ್ದರೆ ಫೆನಿಟಾಯಿನ್ ವಿಪರೀತವಾಗುವ ಅಪಾಯವೂ ಇತ್ತು. ಗುಟ್ಟಾಗಿ ಶುರು ಮಾಡುವುದಷ್ಟೇ ಅಲ್ಲ, ಗುಟ್ಟಾಗಿ ನಿಲ್ಲಿಸುವುದೂ ತೊಂದರೆಯೇ.

ಔಷಧವೆಂದರೆ ಯಾವುದು?

ನಮ್ಮ ದೇಶದಲ್ಲಿ ಮಕ್ಕಳ ಚಿಕಿತ್ಸೆ ಯಾವತ್ತೂ ಒಂದೇ ಪದ್ಧತಿಯಲ್ಲಿ ನಡೆಯುವುದಿಲ್ಲ. ಆಯುಷ್ ಬಗ್ಗೆಯೇ ಕೇಂದ್ರ ಸರ್ಕಾರ 2022–23ರಲ್ಲಿ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ ನೋಡಿ. ಹಿಂದಿನ ಒಂದು ವರ್ಷದಲ್ಲಿ ಹಳ್ಳಿಗಳ ಸುಮಾರು ಶೇ 46 ಮತ್ತು ಪಟ್ಟಣಗಳ ಸುಮಾರು ಶೇ 53 ಜನ ಕಾಯಿಲೆ ತಡೆಯಲೋ ಗುಣಪಡಿಸಲೋ ಆಯುಷ್ ಪದ್ಧತಿಯನ್ನು ಬಳಸಿದ್ದರು. ಮನೆಮದ್ದು, ಔಷಧಿ ಗಿಡಗಳ ಬಗ್ಗೆ ತಿಳಿದವರು ಒಬ್ಬರಾದರೂ ಇದ್ದ ಮನೆಗಳು ಶೇ 85ರಷ್ಟು. ಅಂದರೆ ಮಕ್ಕಳ ವೈದ್ಯರ ಎದುರು ಕೂತ ಎರಡು ಕುಟುಂಬಗಳಲ್ಲಿ ಒಂದಾದರೂ ಬೇರೆ ಪದ್ಧತಿಯ ಮದ್ದನ್ನೂ ಬಳಸಿರುವ ಸಾಧ್ಯತೆ ಇದೆ. ಆದರೂ ಅಲ್ಲಿ ಅದರ ಮಾತೇ ಬರುವುದಿಲ್ಲ.

ಏಕೆ ಬರುವುದಿಲ್ಲ? ಮೊದಲ ಕಾರಣ ಅಕ್ಕನ ಮಾತಿನಲ್ಲೇ ಇದೆ. ಅವಳ ಲೆಕ್ಕದಲ್ಲಿ ಅದು ಔಷಧವೇ ಅಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ಹತ್ತಿರದ್ದಕ್ಕೆ ಬೆಲೆಯಿಲ್ಲ ಎಂಬ ಅರ್ಥದಲ್ಲಿ ಹೇಳುತ್ತೇವೆ. ಆಸ್ಪತ್ರೆಯಲ್ಲಿ ಆ ಗಾದೆ ಅಕ್ಷರಶಃ ನಿಜವಾಗುತ್ತದೆ. ಬಾಣಂತಿ ಕೋಣೆಯಲ್ಲಿ ತೇಯ್ದು ನೆಕ್ಕಿಸುವ ಬಜೆ, ಪುಷ್ಯ ನಕ್ಷತ್ರದ ದಿನ ಹಾಕಿಸುವ ಸ್ವರ್ಣಪ್ರಾಶನ, ಕಾಮಾಲೆಗೆ ಪಕ್ಕದೂರಿನಿಂದ ತರುವ ಸೊಪ್ಪಿನ ರಸ, ಹೋಮಿಯೋಪತಿಯ ಬಿಳಿ ಗುಳಿಗೆ ಇವೆಲ್ಲ ‘ಪದ್ಧತಿ’, ‘ಮನೆಮದ್ದು’, ‘ಟಾನಿಕ್’. ‘ಬೇರೆ ಔಷಧ ಕೊಡ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುವುದು ಸುಳ್ಳು ಹೇಳುವ ಉದ್ದೇಶದಿಂದಲ್ಲ. ಹಾಗಾಗಿ ಪ್ರಶ್ನೆಯೇ ಬದಲಾಗಬೇಕು. ಆ ವೈದ್ಯೆ ‘ಕಷಾಯ, ಪುಡಿ, ಬೇರು’ ಎಂದು ಒಂದೊಂದನ್ನೇ ಹೆಸರಿಸಿ ಕೇಳಿದ್ದರಿಂದಲೇ ಅಕ್ಕನ ಬಾಯಿಂದ ‘ಟಾನಿಕ್’ ಹೊರಬಂತು.

ಎರಡನೆಯದು ಬೈಗುಳದ ಭಯ. ಹಿಂದೊಮ್ಮೆ ಮಗುವಿನ ಕೊರಳಲ್ಲಿ ತಾಯತ ನೋಡಿ ಪೇಟೆಯ ವೈದ್ಯರು ‘ಇನ್ನೂ ಯಾವ ಕಾಲದಾಗ ಇದ್ದೀರಿ?’ ಎಂದು ಎಲ್ಲರ ಮುಂದೆ ಗದರಿದ್ದರಂತೆ. ತಾಯತ ಕಟ್ಟಿಸಿದ್ದು ಅಕ್ಕನ ಅತ್ತೆ. ಬೈಸಿಕೊಂಡದ್ದು ಅಕ್ಕ. ನಮ್ಮ ಮನೆಗಳಲ್ಲಿ ಮಗುವಿಗೆ ಏನು ಕೊಡಬೇಕೆಂದು ತೀರ್ಮಾನಿಸುವವರು ಹಿರಿಯರು. ಆಸ್ಪತ್ರೆಯಲ್ಲಿ ಉತ್ತರ ಹೇಳಬೇಕಾದವಳು ಸೊಸೆ. ಎರಡೂ ಕಡೆ ಮಾತು ಕೇಳಿಸಿಕೊಳ್ಳುವವಳು ಸುಮ್ಮನಿರುವುದನ್ನೇ ಕಲಿಯುತ್ತಾಳೆ.

ಇಂಜಿನಿಯರಿಂಗ್‌ನಲ್ಲಿ ನಮಗೆ ಮೊದಲು ಕಲಿಸುವುದು ಇದನ್ನೇ: ಇನ್‌ಪುಟ್ ಪೂರ್ತಿ ಗೊತ್ತಿಲ್ಲದೆ ಔಟ್‌ಪುಟ್ ನೋಡಿ ದೋಷ ಹುಡುಕಬೇಡ. ಪೇಟೆಯ ವೈದ್ಯರು ಬುದ್ಧಿವಂತರೇ, ಅವರ ತರ್ಕವೂ ಸರಿಯಾಗಿತ್ತು. ಆದರೆ ಅವರ ಬಳಿ ಇದ್ದದ್ದು ಅರ್ಧ ಮಾಹಿತಿ. ಅದರ ಮೇಲೆ ಅವರು ಪ್ರಮಾಣ ಹೆಚ್ಚಿಸಿದರು.

‘ನೈಸರ್ಗಿಕ’ ಎಂಬ ನಂಬಿಕೆ

‘ಸೈಡ್ ಎಫೆಕ್ಟ್ ಇಲ್ಲ’ ಎಂದು ನಾನು ಹೇಳಿದ್ದೆನಲ್ಲ, ಆ ಮಾತನ್ನು ಈಗ ವಾಪಸ್ ಪಡೆಯುತ್ತೇನೆ. ಗುಣ ಮಾಡುವ ಶಕ್ತಿ ಗಿಡಕ್ಕೆ ಇದೆಯೆಂದರೆ ತೊಂದರೆ ಮಾಡುವ ಶಕ್ತಿಯೂ ಇದ್ದೇ ಇರುತ್ತದೆ. ಸರ್ಪಗಂಧ ನಮ್ಮ ನೆಲದ ಗಿಡ. ರಕ್ತದೊತ್ತಡದ ಮೇಲೆ ಅದರ ಪರಿಣಾಮದ ಬಗ್ಗೆ ಮುಂಬೈನ ವೈದ್ಯ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತೇ ಅದರತ್ತ ತಿರುಗಿತು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಅದೇ ರೆಸರ್ಪಿನ್‌ನಿಂದ ಖಿನ್ನತೆ ಬರಬಹುದೆಂಬ ಎಚ್ಚರಿಕೆಯೂ ಮುಂದೆ ಸೇರಿಕೊಂಡಿತು. ಗಿಡದಿಂದ ಬಂತು ಎಂಬುದು ಒಳ್ಳೆಯದಕ್ಕೂ ಸಾಕ್ಷಿಯಲ್ಲ, ಕೆಟ್ಟದ್ದಕ್ಕೂ ಅಲ್ಲ. ಅಡುಗೆಮನೆಯ ಕರಿಮೆಣಸಿನಲ್ಲಿರುವ ಪಿಪೆರಿನ್ ಕೂಡ ರಕ್ತದಲ್ಲಿ ಫೆನಿಟಾಯಿನ್ ಮಟ್ಟವನ್ನು ಏರಿಸಬಲ್ಲದು ಎಂದು ಅಧ್ಯಯನಗಳು ಹೇಳಿವೆ. ಹಾಗೆಂದು ಸಾರಿನಲ್ಲಿ ಮೆಣಸು ಹಾಕಬೇಡಿ ಎನ್ನುತ್ತಿಲ್ಲ. ದಿನವೂ ಕಷಾಯ ಕುಡಿಸುತ್ತಿದ್ದರೆ ವೈದ್ಯರಿಗೆ ಗೊತ್ತಿರಲಿ ಎನ್ನುತ್ತಿದ್ದೇನೆ.

ಇನ್ನು ಶುದ್ಧತೆಯ ಪ್ರಶ್ನೆ. ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ, ದೊಡ್ಡವರಿಗಿಂತ ಮಕ್ಕಳಿಗೆ ಅದರ ಪೆಟ್ಟು ಹೆಚ್ಚು. ಮಗು ಎಂದರೆ ಸಣ್ಣ ಗಾತ್ರದ ದೊಡ್ಡವರಲ್ಲ. ತೂಕ ಕಡಿಮೆ, ಯಕೃತ್ತು ಮತ್ತು ಮೂತ್ರಪಿಂಡ ಇನ್ನೂ ಬಲಿಯುತ್ತಿರುತ್ತವೆ. ಜೇನುತುಪ್ಪವನ್ನೇ ನೋಡಿ. ವರ್ಷ ದಾಟಿದ ಮಗುವಿನ ಕೆಮ್ಮಿಗೆ ಒಂದು ಚಮಚ ಜೇನು ಕೊಡಿ ಎಂದು ಮಕ್ಕಳ ವೈದ್ಯರೇ ಹೇಳುತ್ತಾರೆ. ಅದೇ ಜೇನನ್ನು ವರ್ಷದೊಳಗಿನ ಕೂಸಿಗೆ ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ಜೀವಕ್ಕೇ ಕುತ್ತು ತರಬಹುದು. ಸ್ವರ್ಣಪ್ರಾಶನದಲ್ಲೂ ಜೇನು, ತುಪ್ಪ ಇರುತ್ತವೆ. ಎಳೆ ಕೂಸನ್ನು ಎತ್ತಿಕೊಂಡು ಸಾಲಿನಲ್ಲಿ ನಿಲ್ಲುವ ಮೊದಲು ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿದರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಇಂಗ್ಲಿಷ್ ಔಷಧವೇನು ಸಾಚಾ?

ಇಷ್ಟನ್ನು ಮನೆಯಲ್ಲಿ ವಿವರಿಸಿದಾಗ ಅಕ್ಕ ಒಂದೇ ಪ್ರಶ್ನೆ ಕೇಳಿದಳು: ‘ಅಲ್ಲಪ್ಪಾ, ಆ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ್ವಲ್ಲ, ಅದು ಇಂಗ್ಲಿಷ್ ಔಷಧ ಅಲ್ಲೇನು?’

ಹೌದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಜಿಲ್ಲೆಯಲ್ಲಿ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಮೂತ್ರಪಿಂಡ ವಿಫಲವಾಗಿ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಶೇ 0.1 ದಾಟಬಾರದ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ ತಮಿಳುನಾಡಿನ ಪರೀಕ್ಷೆಯಲ್ಲಿ ಶೇ 48ಕ್ಕೂ ಹೆಚ್ಚು ಕಂಡುಬಂತು. ಆ ಸಿರಪ್ ಬರೆದುಕೊಟ್ಟವರು ವೈದ್ಯರೇ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸಲಹೆ ಹೊರಡಿಸಿದ್ದು ಅಕ್ಟೋಬರ್‌ನಲ್ಲಿ, ಮಕ್ಕಳು ಸತ್ತ ಮೇಲೆ.

ಹೀಗಿರುವಾಗ ಮನೆಮದ್ದು ಕೊಡುವ ತಾಯಿಯನ್ನು ‘ಮೂಢನಂಬಿಕೆ’ ಎಂದು ಹೀಯಾಳಿಸುವ ಹಕ್ಕು ಯಾರಿಗಿದೆ? ಜನರ ಅಪನಂಬಿಕೆಗೆ ಕಾರಣಗಳಿವೆ. ನನ್ನ ಪ್ರಕಾರ ಇದಕ್ಕೆ ಉತ್ತರ ‘ಇಂಗ್ಲಿಷ್ ಒಳ್ಳೆಯದು, ನಾಟಿ ಕೆಟ್ಟದ್ದು’ ಎಂಬುದಲ್ಲ, ಅದರ ತಿರುಗುಮುರುಗೂ ಅಲ್ಲ. ಎಲ್ಲ ಬಾಟಲಿಗೂ ಒಂದೇ ಪ್ರಶ್ನೆ ಕೇಳಬೇಕು. ಇದರಲ್ಲಿ ಏನಿದೆ? ತಯಾರಿಸಿದವರು ಯಾರು? ಈ ವಯಸ್ಸಿನ ಮಗುವಿಗೆ ಎಷ್ಟು? ಈಗ ಕೊಡುತ್ತಿರುವುದರ ಜೊತೆ ಇದು ಹೊಂದುತ್ತದೆಯೇ? ಈ ನಾಲ್ಕಕ್ಕೆ ಉತ್ತರವಿಲ್ಲದ ಬಾಟಲಿ ಯಾವ ಪದ್ಧತಿಯದ್ದಾದರೂ ಮಗುವಿನ ಬಾಯಿಗೆ ಹೋಗಬಾರದು.

ಕೇಳುವುದೆಂದರೆ ಒಪ್ಪುವುದಲ್ಲ

‘ನೂರು ರೋಗಿಗಳ ಸಾಲು ಇರುವಾಗ ಇದನ್ನೆಲ್ಲ ಕೇಳುತ್ತಾ ಕೂರಲು ಆಗುತ್ತದೆಯೇ?’ ಎಂದು ವೈದ್ಯರು ಕೇಳಬಹುದು. ನಿಜ, ನಮ್ಮ ಸರ್ಕಾರಿ ಆಸ್ಪತ್ರೆಗಳ ನೂಕುನುಗ್ಗಲು ನೋಡಿದವರಿಗೆ ಅದು ನೆಪ ಅನ್ನಿಸದು. ಆದರೆ ಆ ಪ್ರಶ್ನೆಗೆ ಬೇಕಾದದ್ದು ಅರ್ಧ ನಿಮಿಷ. ಅದನ್ನು ಕೇಳದೆ ಹೋದದ್ದಕ್ಕೆ ನಮ್ಮ ಹುಡುಗ ಎರಡು ಸಲ ಫಿಟ್ಸ್ ಅನುಭವಿಸಿದ, ಆಸ್ಪತ್ರೆಯ ಹಾಸಿಗೆ ಐದು ದಿನ ತುಂಬಿತ್ತು. ಕೇಸ್ ಶೀಟಿನಲ್ಲಿ ಅಲರ್ಜಿಗೆ ಒಂದು ಸಾಲು ಇರುವಂತೆ ಮನೆಮದ್ದಿಗೂ ಒಂದು ಸಾಲು ಇದ್ದರೆ ನರ್ಸ್ ಅಥವಾ ಆಶಾ ಕಾರ್ಯಕರ್ತೆಯರೇ ಅದನ್ನು ಕೇಳಿ ತುಂಬಬಹುದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ವೈದ್ಯರೇ ವಿಚಾರಿಸಿದರೆ ಸಾಬೀತಾಗದ ಚಿಕಿತ್ಸೆಗೆ ಮುದ್ರೆ ಒತ್ತಿದಂತಾಗುವುದಿಲ್ಲವೇ? ಆಗುವುದಿಲ್ಲ. ಕೇಳಿದ ಮೇಲೂ ‘ಬೇಡ’ ಎನ್ನಬಹುದು, ಕೆಲವಕ್ಕೆ ಎನ್ನಲೇಬೇಕು. ಟೈಪ್ 1 ಮಧುಮೇಹದ ಮಗುವಿಗೆ ಇನ್ಸುಲಿನ್ ನಿಲ್ಲಿಸಿ ಪುಡಿ ಕೊಟ್ಟರೆ ಕೆಲವೇ ದಿನಗಳಲ್ಲಿ ಜೀವ ಹೋಗಬಹುದು. ಹಾವು ಕಚ್ಚಿದಾಗ, ಲಸಿಕೆಯ ವಿಷಯದಲ್ಲಿ, ಫಿಟ್ಸ್ ಔಷಧ ನಿಲ್ಲಿಸುವ ಮಾತಿನಲ್ಲಿ ರಾಜಿ ಇಲ್ಲ. ಕೂಸಿನ ಹೊಟ್ಟೆಗೆ ಬರೆ ಎಳೆಯುವುದು ಚಿಕಿತ್ಸೆಯೇ ಅಲ್ಲ, ಹಿಂಸೆ. ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣದ ಕೀಲಿ ಹಿಡಿಸಿ ಹೊತ್ತು ಕಳೆಯುವ ಬದಲು ಮಗುವನ್ನು ಪಕ್ಕಕ್ಕೆ ಹೊರಳಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಗಡಿಯಾರ ನೋಡಿಕೊಳ್ಳಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ಆದರೆ ಈ ‘ಬೇಡ’ವನ್ನು ಯಾರಿಂದ ಕೇಳಿದರೆ ತಾಯಿ ಒಪ್ಪುತ್ತಾಳೆ? ಎಣ್ಣೆ ಮಾಲೀಸಿಗೆ, ಭೇದಿಯಲ್ಲಿ ಕುಡಿಸುವ ಗಂಜಿಗೆ ‘ಆಗಬಹುದು’ ಎಂದವರಿಂದ. ಎಲ್ಲಕ್ಕೂ ಗದರುವವರ ಮಾತನ್ನು ಆಕೆ ಯಾವುದಕ್ಕೂ ಕೇಳುವುದಿಲ್ಲ.

ವ್ಯವಸ್ಥೆಯಲ್ಲಿ ಇದಕ್ಕೆ ಜಾಗವಿಲ್ಲವೆಂದೇನಿಲ್ಲ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ವರ್ತನೆ, ನೀತಿ ಮತ್ತು ಸಂವಹನದ ಪಾಠ ಸೇರಿದೆ. ಅದೇ ವರ್ಷದ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 50ನೇ ಸೆಕ್ಷನ್, ಆಧುನಿಕ ವೈದ್ಯ, ಭಾರತೀಯ ವೈದ್ಯ ಮತ್ತು ಹೋಮಿಯೋಪತಿಯ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಕೂರಬೇಕು ಎನ್ನುತ್ತದೆ. ದೆಹಲಿಯಲ್ಲಿ ಮಂಡಳಿಗಳು ಒಟ್ಟಿಗೆ ಕೂತರೆ ಸಾಲದು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದೇ ಕಾಂಪೌಂಡಿನಲ್ಲಿರುವ ಆಯುಷ್ ವೈದ್ಯರೂ ಮಕ್ಕಳ ವೈದ್ಯರೂ ಒಂದೇ ಮಗುವಿನ ಬಗ್ಗೆ ಮಾತಾಡಿಕೊಳ್ಳಬೇಕು. ‘ಇಂಗ್ಲಿಷ್ ಔಷಧ ಏನೇನು ನಡೆಯುತ್ತಿದೆ?’ ಎಂದು ಆಯುಷ್ ವೈದ್ಯರೂ ಕೇಳಬೇಕು.

ಜಾಹೀರಾತಿನ ವಿಷಯಕ್ಕೆ ಬಂದರೆ ಕಾನೂನು ಹಳೆಯದೇ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಮಧುಮೇಹ, ಅಪಸ್ಮಾರ, ಕ್ಯಾನ್ಸರ್ ಮುಂತಾದವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ನಿಷೇಧಿಸುತ್ತದೆ. 2024ರಲ್ಲಿ ಸುಪ್ರೀಂ ಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆ ಪತಂಜಲಿ ಸಂಸ್ಥೆ ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಬೇಕಾಯಿತು. ಆದರೆ ರೀಲ್ಸ್‌ನಲ್ಲಿ, ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರುವ ‘ಈ ಎಲೆ ತಿನ್ನಿಸಿದರೆ ಮೂರ್ಛೆರೋಗ ಮಾಯ’ ಎಂಬ ವಿಡಿಯೊಗೆ ಕೋರ್ಟ್ ಎಷ್ಟೆಂದು ಕಾವಲು ಕಾಯುತ್ತದೆ? ಅದನ್ನು ಫಾರ್ವರ್ಡ್ ಮಾಡುವ ಬೆರಳು ಹೆಚ್ಚಾಗಿ ನಮ್ಮ ವಯಸ್ಸಿನವರದೇ.

ನಮ್ಮ ಪಾಲಿನ ಕೆಲಸ

ಸ್ನೇಹಿತರೇ, ನಮ್ಮಲ್ಲಿ ಬಹಳಷ್ಟು ಮಂದಿ ಮನೆಯ ‘ಓದಿದವರು’. ಆಸ್ಪತ್ರೆಗೆ ಜೊತೆಗೆ ಹೋಗುವವರು, ಚೀಟಿ ಓದಿ ಹೇಳುವವರು, ಮೆಡಿಕಲ್ ಶಾಪಿಗೆ ಓಡುವವರು ನಾವೇ. ಆದ್ದರಿಂದ ಮುಂದಿನ ಸಲ ಅಣ್ಣನ ಮಗಳನ್ನೋ ಅಕ್ಕನ ಮಗನನ್ನೋ ವೈದ್ಯರ ಬಳಿ ಕರೆದೊಯ್ಯುವ ಮುಂಚೆ, ಹಿಂದಿನ ತಿಂಗಳಲ್ಲಿ ಮಗುವಿನ ಬಾಯಿಗೆ ಹೋದ ಪ್ರತಿ ಬಾಟಲಿ, ಪುಡಿ, ಗುಳಿಗೆಯ ಫೋಟೊ ತೆಗೆದುಕೊಳ್ಳಿ. ಅಜ್ಜಿಯನ್ನು ಕೇಳಿ, ‘ನೀನು ಕೊಟ್ಟಿದ್ದು ತಪ್ಪು’ ಎನ್ನಬೇಡಿ. ವೈದ್ಯರು ಕೇಳದಿದ್ದರೂ ಫೋನ್ ಮುಂದಿಟ್ಟು ತೋರಿಸಿ. ಗದರಿದರೆ ನಿಮ್ಮನ್ನು ಗದರಲಿ, ಅಕ್ಕನನ್ನಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕನ ಕ್ಯಾಲೆಂಡರಿನಲ್ಲಿ ಎರಡು ಬಣ್ಣ ಬಂದಿವೆ. ಫೆನಿಟಾಯಿನ್‌ಗೆ ನೀಲಿ, ಬೇರೆ ಏನೇ ಕೊಟ್ಟರೂ ಕೆಂಪು. ಮೊನ್ನೆ ತಪಾಸಣೆಗೆ ಹೋಗುವಾಗ ಹಾಳೆಗಳನ್ನು ಹರಿದುಕೊಂಡೇ ಹೋಗಿದ್ದಳು. ‘ನೆತ್ತಿಗೆ ಹರಳೆಣ್ಣೆ’ ಎಂದಿದ್ದಲ್ಲಿ ವೈದ್ಯೆ ‘ಇದಕ್ಕ ಅಡ್ಡಿ ಇಲ್ರೀ’ ಎಂದರಂತೆ. ‘ಅತ್ತೆ ತಂದ ಪುಡಿ, ಹೆಸರು ಗೊತ್ತಿಲ್ಲ’ ಎಂದಿದ್ದಲ್ಲಿ ಬೆರಳಿಟ್ಟು, ‘ಹೆಸರು ಗೊತ್ತಾಗೂ ತನಕ ಬ್ಯಾಡವ್ವಾ’ ಎಂದರಂತೆ. ಅಕ್ಕ ಅದನ್ನು ಹಾಗೆಯೇ ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಒಂದು ಗಳಿಗೆ ಸುಮ್ಮನಿದ್ದು, ಪುಡಿ ಕೊಟ್ಟವರಿಗೆ ಫೋನ್ ಮಾಡಿ ಹೆಸರು ಕೇಳಿದರು. ಅವರಿಗೂ ಗೊತ್ತಿರಲಿಲ್ಲ. ಪುಡಿ ಈಗ ಅಟ್ಟದ ಮೇಲಿದೆ. ಹುಡುಗನಿಗೆ ಏಳು ತಿಂಗಳಿಂದ ಫಿಟ್ಸ್ ಬಂದಿಲ್ಲ.